ಹುಡುಗಿಗೆ ನೀವೇನಾಗಬೇಕು?

ರೈಲು ಹೊರಟು ಇನ್ನೂ ಕಾಲು ಗಂಟೆ ಆಗಿರಲಿಲ್ಲ, ಚಿಲಕ ಆಗಲೇ ನೋಟುಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ರಜೆಯಲ್ಲಿ ಕಂಡ ಐದು ಮುಖ್ಯ ಸಂಗತಿಗಳನ್ನು ಬರೆದುಕೊಂಡು ಬರಬೇಕೆಂದು ಎರಡನೇ ಕ್ಲಾಸಿನ ಮಿಸ್ಸು ಹೇಳಿದ್ದರು.

"ಅಜ್ಜಾ, ಒಂದನೇದು ರೈಲು ಅಂತ ಬರೀತೀನಿ. ರೈಗೆ ಏತ್ವಾನಾ, ಐತ್ವಾನಾ?"

"ಐತ್ವ."

ಬೀಗದಜ್ಜ ಕೈಹಿಡಿದು ತಿದ್ದಿಸಿದ. ಆ ಪುಸ್ತಕ ಆ ಮಿಸ್ಸಿನ ಮೇಜು ಮುಟ್ಟುವುದಿಲ್ಲವೆಂದು ಗೊತ್ತಿದ್ದೂ ತಿದ್ದಿಸಿದ. ಹೋಗುವುದಕ್ಕೆ ಮೂರು ಟಿಕೆಟ್ ತೆಗೆದಿದ್ದ, ಬರುವುದಕ್ಕೆ ಎರಡು. ಈ ಸಂಗತಿ ನಾಲ್ಕು ವಾರದಿಂದ ಅವನ ಜೇಬಿನಲ್ಲಿತ್ತು, ಬಾಯಿಗೆ ಮಾತ್ರ ಬಂದಿರಲಿಲ್ಲ.

ಅವನು ಪೇಟೆಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುವವನು. ಒಂದು ಮೇಜು, ಕೀಲಿ ತೇಯುವ ಅರ ಮತ್ತು ಇಕ್ಕಳ, ಹಲ್ಲು ಕೊರೆಯದ ಕೀಲಿಗಳ ದೊಡ್ಡ ಗೊಂಚಲು, ಇಷ್ಟೇ ಅವನ ಅಂಗಡಿ. ಮೊಮ್ಮಗಳಿಗೆ ಚಿಲಕ ಎಂದು ಅಡ್ಡಹೆಸರು ಇಟ್ಟವನೂ ಅವನೇ. ಹುಟ್ಟಿದ ದಿನ ಅವನ ಬೆರಳು ಹಿಡಿದವಳು ಯಾರು ಬಿಡಿಸಿದರೂ ಬಿಡಲಿಲ್ಲವಂತೆ. ಇದನ್ನು ಅವನು ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ತಲೆ ತಿಂದಿದ್ದ.

ಇದ್ದವನು ಒಬ್ಬನೇ ಮಗ. ಮೂರು ವರ್ಷದ ಹಿಂದೆ ಬೆಳಿಗ್ಗೆ ಬೈಕು ಹತ್ತಿ ಕೆಲಸಕ್ಕೆ ಹೋದವನು ಮಧ್ಯಾಹ್ನ ಹೆಣವಾಗಿ ಬಂದ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೂ ಇಷ್ಟವಿಲ್ಲ. ಸೊಸೆ ನರ್ಸು. ಸಮುದ್ರದ ದಡದ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೋದಳು. ಹಗಲು ರಾತ್ರಿ ಪಾಳಿ ಬದಲಾಗುವ ಕೆಲಸ, ಹಾಗಾಗಿ ಮಗು ಅಜ್ಜ ಅಜ್ಜಿಯ ಮಡಿಲಲ್ಲಿ ಉಳಿಯಿತು. ಅಲ್ಲಿ ಅವಳಿಗೆ ಒಬ್ಬ ಡ್ರಾಯಿಂಗ್ ಮೇಷ್ಟ್ರ ಪರಿಚಯವಾಯಿತು, ಬಲು ಸಾಧು ಮನುಷ್ಯ. "ಮದುವೆ ಮಾಡ್ಕೋ ತಾಯಿ, ನಿನ್ನ ವಯಸ್ಸಾದ್ರೂ ಎಷ್ಟು" ಎಂದು ಮೊದಲು ಹೇಳಿದವನು ಬೀಗದಜ್ಜನೇ. ಬೀದಿಯವರು ಬಾಯಿಗೆ ಬಂದಂತೆ ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬೀಗ ಮಾಡುವ ವಿದ್ಯೆ ಅವನಿಗೂ ಬಾರದು.

ಮದುವೆ ನಿಶ್ಚಯವಾದ ಮೇಲೆ ಸೊಸೆ ಫೋನು ಮಾಡಿ ಅತ್ತಳು. "ಮಾವ, ಮಗು ಇನ್ಮೇಲೆ ನನ್ ಜೊತೆ ಇರ್ಲಿ. ಇಲ್ಲೇ ಸ್ಕೂಲಿಗೆ ಸೇರಿಸ್ತೀವಿ. ಆದ್ರೆ ನೀವೇ ಅವಳಿಗೆ ಹೇಳ್ಬೇಕು. ನಾನು ಹೇಳಿದ್ರೆ ಕಿತ್ಕೊಂಡೆ ಅಂದ್ಕೋತಾಳೆ. ನೀವು ಹೇಳಿದ್ರೆ ನಂಬ್ತಾಳೆ."

"ಹೇಳ್ತೀನಿ ಬಿಡಮ್ಮ" ಎಂದಿದ್ದ. ಹೆತ್ತವಳ ಹತ್ತಿರ ಮಗು ಇರಬೇಕಾದದ್ದು ನ್ಯಾಯ. ನ್ಯಾಯ ಎಂದು ಗೊತ್ತಾದ ಮಾತ್ರಕ್ಕೆ ಕರುಳು ಸುಮ್ಮನಿರುತ್ತದೆಯೇ? ಅವನಿಗೆ ಉಳಿದಿದ್ದದ್ದು ಒಂದೇ ಆಸೆ: ಅಜ್ಜ ನನ್ನನ್ನು ಬೇಡವೆಂದು ಬಿಟ್ಟುಹೋದ ಎಂದು ಮಗುವಿಗೆ ಅನ್ನಿಸಬಾರದು. ಅದಕ್ಕೆ ತಕ್ಕ ಮಾತು ಹುಡುಕುತ್ತಲೇ ನಾಲ್ಕು ವಾರ ಕಳೆದಿದ್ದ.

ಎರಡನೇ ಸಂಗತಿ ಸಮುದ್ರ. ಇಳಿದ ದಿನವೇ ಸಂಜೆ ಮೂವರೂ ದಡಕ್ಕೆ ಹೋದರು. ಬಟ್ಟೆ ನೆನೆಯಿತೆಂದು ಗೊಣಗುತ್ತಲೇ ಅಜ್ಜಿ ಮೊಣಕಾಲುದ್ದ ನೀರಿಗೆ ಇಳಿದಳು. ಇದೇ ಹೊತ್ತು ಎಂದುಕೊಂಡು ಬೀಗದಜ್ಜ ಗಂಟಲು ಸರಿಮಾಡಿಕೊಂಡ.

"ಚಿಲಕ, ಈ ಊರು ಇಷ್ಟ ಆಯ್ತಾ?"

"ಹೂಂ. ಮುಂದಿನ ರಜಕ್ಕೂ ಬರೋಣ. ಅಷ್ಟರಲ್ಲಿ ನೀನು ಈಜು ಕಲ್ತ್ಕೋ ಅಜ್ಜ, ಹೀಗೆ ಹೆದರ್ಕೊಂಡು ದಡದಲ್ಲಿ ನಿಂತ್ರೆ ನನಗೆ ನಾಚಿಕೆ ಆಗತ್ತೆ."

ಅವನು ನಕ್ಕು, ಆಡಬೇಕಾದ ಮಾತನ್ನು ನುಂಗಿಕೊಂಡ. ವಾಪಸು ಬರುವಾಗ ಅಜ್ಜಿ ಮೆಲ್ಲಗೆ ಕೇಳಿದಳು: "ಹೇಳಿದ್ರಾ?"

"ನಾಳೆ ಹೇಳ್ತೀನಿ ಕಣೇ."

"ನಾಳೆ ಅಂದವನ ಮನೆ ಹಾಳು ಅಂತಾರೆ. ನೆನಪಿರ್ಲಿ."

ಮಾರನೆಯ ದಿನ ಲಾಡ್ಜಿನ ರೂಮಿನ ಬೀಗ ಕಚ್ಚಿಕೊಂಡಿತು. ಬೀಗದಜ್ಜ ಚೀಲದಿಂದ ಅರ ಮತ್ತು ಎಣ್ಣೆ ಬಾಟಲಿ ತೆಗೆದು ನೆಲದ ಮೇಲೆ ಕೂತೇಬಿಟ್ಟ. ಮದುವೆಗೆ ಬರುವಾಗ ಅರ ತಂದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮ್ಯಾನೇಜರು ಬೈಯಲೆಂದು ಬಂದವನು ಬಾಗಿಲು ಬೆಣ್ಣೆಯಂತೆ ತೆರೆದದ್ದು ನೋಡಿ ಇನ್ನೂ ಮೂರು ರೂಮಿನ ಬೀಗ ತೋರಿಸಿದ. ಚಿಲಕ ಪಕ್ಕದಲ್ಲಿ ಕೂತು ಸ್ಕ್ರೂ ಎಣಿಸಿ ಕೊಟ್ಟಳು. ಆಮೇಲೆ ಮೂರನೆಯದಾಗಿ ಬರೆದಳು: "ಅಜ್ಜ ಲಾಡ್ಜಿನ ನಾಲ್ಕು ಬೀಗ ಸರಿ ಮಾಡಿದ. ಮ್ಯಾನೇಜರ್ ಐಸ್‌ಕ್ರೀಮ್ ಕೊಡಿಸಿದರು." ಅಷ್ಟು ಖುಷಿಯಾಗಿದ್ದವಳ ಮುಂದೆ ಅಂಥ ಮಾತು ಎತ್ತಲು ಅವನಿಗೆ ನಾಲಗೆ ಹೊರಳಲಿಲ್ಲ. ಅಂದೂ ಹೇಳಲಿಲ್ಲ.

ನಾಲ್ಕನೆಯದು ಮದುವೆ. ಚಿಕ್ಕ ಹಾಲ್, ನೂರು ಕುರ್ಚಿ. ಸೊಸೆ ರಿಜಿಸ್ಟರಿಗೆ ಸಹಿ ಹಾಕಿ ತಲೆಯೆತ್ತಿದಾಗ ಅವಳ ಮುಖದಲ್ಲಿ ಮೂರು ವರ್ಷದಿಂದ ಕಾಣದ ಗೆಲುವು ಕಂಡಿತು. ಬೀಗದಜ್ಜ ಬೇಕೆಂದೇ ಕೊನೆಯ ಸಾಲಿನಲ್ಲಿ ಕೂತಿದ್ದ. ಶುಭಕಾರ್ಯದ ಮನೆಯಲ್ಲಿ ಸತ್ತ ಗಂಡನ ಅಪ್ಪ ಎದ್ದು ಕಾಣುವುದು ಬೇಡ, ಆ ಹುಡುಗಿಯ ಹಿಂದೆ ಯಾರೂ ಗುಸುಗುಸು ಅನ್ನುವುದು ಬೇಡ ಎಂಬುದು ಅವನ ಲೆಕ್ಕ. ಸಂತೋಷವಾಯಿತೇ ಎಂದರೆ ನಿಜವಾಗಿ ಆಯಿತು. ಮಗ ಇನ್ನೊಮ್ಮೆ ಸತ್ತಂತೆಯೂ ಆಯಿತು.

ಊಟದ ಸಾಲಿನಲ್ಲಿ ಮೇಷ್ಟ್ರ ಚಿಕ್ಕಮ್ಮ ಎದುರಾದರು. ಚಿಲಕ ಅಜ್ಜನ ಬೆರಳು ಹಿಡಿದು ನಿಂತಿದ್ದಳು.

"ಬನ್ನಿ ಬನ್ನಿ, ಊಟ ಮಾಡಿ. ಹುಡುಗಿಗೆ ನೀವೇನಾಗ್ಬೇಕು?"

ಇಲ್ಲಿ ಅವನ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ಕಂಡವರ ಮನೆಯ ಬೀಗ ತೆಗೆಯುವಾಗ ಅಕ್ಕಪಕ್ಕದವರು ಬಂದು ಅನುಮಾನದಿಂದ ಕೇಳುವ ಪ್ರಶ್ನೆ ಇದೇ: ಈ ಮನೆಯವರಿಗೆ ನೀನೇನಾಗಬೇಕು? ನಲವತ್ತು ವರ್ಷದಿಂದ ಅವನು ತಲೆಯೆತ್ತದೆ ಒಂದೇ ಉತ್ತರ ಕೊಟ್ಟಿದ್ದಾನೆ. ಆ ಉತ್ತರ ಈಗಲೂ ತಾನಾಗಿಯೇ ಬಾಯಿಂದ ಬಿತ್ತು.

"ಏನೂ ಆಗ್ಬೇಕಿಲ್ಲಮ್ಮ. ನಾವು ಹೊರಗಿನೋರು."

ಬೆರಳ ಮೇಲಿನ ಹಿಡಿತ ಸಡಿಲವಾಯಿತು. ಅವನು ತಿರುಗಿ ನೋಡುವಷ್ಟರಲ್ಲಿ ಚಿಲಕ ಅಲ್ಲಿರಲಿಲ್ಲ. ಫೋಟೋಕ್ಕೆ ಅಮ್ಮ ಕರೆದಿರಬೇಕು ಎಂದುಕೊಂಡು ಅನ್ನ ಕಲಸಿದ.

ಸಂಜೆ ಲಾಡ್ಜಿನ ವರಾಂಡದಲ್ಲಿ ಅವಳು ನೋಟುಪುಸ್ತಕ ಹಿಡಿದು ಕೂತಿದ್ದಳು. ಇನ್ನು ತಡಮಾಡಿದರೆ ಕೆಟ್ಟೆ ಎಂದು ಅವನು ಪಕ್ಕದಲ್ಲಿ ಕೂತು ಎಲ್ಲ ಹೇಳಿದ. ಅಮ್ಮ ಇಲ್ಲೇ ಇರ್ತಾಳೆ, ಮೇಷ್ಟ್ರು ಒಳ್ಳೆಯವರು, ಹೊಸ ಸ್ಕೂಲು, ರಜಕ್ಕೆಲ್ಲ ಅಜ್ಜಿ ಮನೆ. ಅವಳು ಪೆನ್ಸಿಲು ನಿಲ್ಲಿಸಲಿಲ್ಲ.

"ಆಗ್ಲೇ ಗೊತ್ತಾಯ್ತು" ಎಂದಳು.

"ಯಾರು ಹೇಳಿದ್ರು?"

"ನೀವೇ ಹೇಳಿದ್ರಲ್ಲ. ನಮಗೆ ಏನೂ ಆಗ್ಬೇಕಿಲ್ಲ ಅಂತ."

ಅವಳು "ನೀವು" ಅಂದದ್ದು ಅಜ್ಜಿಯನ್ನೂ ಸೇರಿಸಿ ಇರಬೇಕು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. "ಅದು ಸುಮ್ನೆ ಬಾಯ್ತಪ್ಪಿ ಬಂದ ಮಾತು ಚಿಲಕ. ಅಜ್ಜ ತಪ್ಪು ಮಾಡ್ದ" ಎಂದು ಹೇಳುವಾಗ ಕೆಮ್ಮು ಬಂತು.

ಅವಳು ಎದ್ದು ನಿಂತಳು. ಮನೆಗೆ ಬಂದವರನ್ನು ವಿಚಾರಿಸುವ ಹಾಗೆ, ತುಂಬ ಮರ್ಯಾದೆಯಿಂದ ಕೇಳಿದಳು: "ನಿಮಗೆ ನೀರು ಬೇಕಾ?"

ನೀರು ತರಲು ಅವಳು ಒಳಗೆ ಹೋದಾಗ ಪುಸ್ತಕ ತೆರೆದೇ ಇತ್ತು. ಐದನೆಯ ಸಂಗತಿಯ ಜಾಗ ಖಾಲಿ ಇತ್ತು. "ಅಜ್ಜ ನಾಲ್ಕು ಬೀಗ ಸರಿ ಮಾಡಿದ" ಎಂಬಲ್ಲಿ ಕೊನೆಗೆ ಜಾಗ ಸಾಲದೆ ಒಂದು ಪುಟ್ಟ "ರು" ತುರುಕಿದ್ದಳು. ಮಾಡಿದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ, ಅತ್ತಿದ್ದರೆ ಎತ್ತಿಕೊಳ್ಳುತ್ತಿದ್ದ. ಆ ಮರ್ಯಾದೆಗೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮುದುಕ ಮುಖ ಮುಚ್ಚಿಕೊಂಡು ಅತ್ತ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ನೆಂಟರೆಲ್ಲ ಸೇರಿದ್ದರು. ಬೀಗದಜ್ಜ ಚಿಕ್ಕಮ್ಮನ ಮುಂದೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದ: "ನಿನ್ನೆ ನಾನು ಸುಳ್ಳು ಹೇಳ್ದೆ ತಾಯಿ. ಹುಡುಗಿ ನನ್ನ ಸೊಸೆ. ಈ ಮಗುಗೆ ನಾನು ಅಜ್ಜ ಆಗ್ಬೇಕು. ಅವರಪ್ಪ ನನ್ನ ಮಗ."

ಯಾರೂ ಗುಸುಗುಸು ಅನ್ನಲಿಲ್ಲ. ಸೊಸೆ ಬಂದು ಅವನ ಕೈ ಹಿಡಿದುಕೊಂಡಳು. ಚಿಕ್ಕಮ್ಮ ನಕ್ಕರು. "ಅಯ್ಯೋ, ನೀವು ಹೇಳ್ಬೇಕಾ? ಇಬ್ರ ಗಲ್ಲ ನೋಡಿದ್ರೇ ಗೊತ್ತಾಗಲ್ವಾ, ಒಂದೇ ಅಚ್ಚು. ನಿನ್ನೆ ಏನೋ ಸಂಕೋಚಕ್ಕೆ ಹಾಗಂದ್ರಿ ಅಂತ ನಾನೂ ಸುಮ್ಮನಾದೆ."

ಅವನ ಸುಳ್ಳನ್ನು ನಂಬಿದವಳು ಅಷ್ಟು ಜನರಲ್ಲಿ ಒಬ್ಬಳೇ. ಚಿಲಕ ತಟ್ಟೆಯಿಂದ ತಲೆಯೆತ್ತಲಿಲ್ಲ.

ಸ್ಟೇಷನ್ನಿಗೆ ಎಲ್ಲರೂ ಬಂದರು. ಅಜ್ಜಿ ಮಗುವನ್ನು ಎದೆಗವಚಿಕೊಂಡು ಬಿಕ್ಕಿದಳು. ಚಿಲಕ ಅಜ್ಜಿಯ ಕೊರಳಿಗೆ ಜೋತುಬಿದ್ದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅಜ್ಜನ ಕಡೆ ತಿರುಗಿ ನೆಟ್ಟಗೆ ನಿಂತಳು.

"ಹೋಗಿ ಬನ್ನಿ."

"ಹೋಗಿ ಬಾ ಅಜ್ಜ ಅನ್ನು ಪುಟ್ಟಾ" ಎಂದು ಸೊಸೆ ತಗ್ಗಿದ ದನಿಯಲ್ಲಿ ಹೇಳಿಕೊಟ್ಟಳು. ಮಗು ಕೈಮುಗಿಯಿತು.

"ಬರ್ತೀನಿ" ಎಂದ ಬೀಗದಜ್ಜ. ಬೇರೆ ಏನಾದರೂ ಹೇಳುವಷ್ಟರಲ್ಲಿ ರೈಲು ಹೊರಟಿತು.

ಊರು ಹಿಂದಾದ ಮೇಲೆ ಅಜ್ಜಿ ಅವನ ಬೆನ್ನು ಸವರಿದಳು. "ಮನಸ್ಸಿಗೆ ಹಚ್ಕೋಬೇಡಿ. ಚಿಕ್ಕ ಮಗು. ನಾಲ್ಕು ದಿನ ಕಳೀಲಿ, ಎಲ್ಲಾ ಮರೀತಾಳೆ."

ಅವನು ಕಿಟಕಿಯ ಕಡೆ ತಿರುಗಿಕೊಂಡ. ಮರೆಯದೆ, ಕೋಪವನ್ನಾದರೂ ಚಿಲಕ ಇಟ್ಟುಕೊಂಡಿರಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ.