ಹಿಂದಿನ ಗೋಡೆಯ ಮಂಜುಗಡ್ಡೆ

ಕ್ಯಾಂಟೀನಿನ ಆಳೆತ್ತರದ ಫ್ರಿಜ್ಜಿನೊಳಗೆ ಮತ್ತೆ ಮಂಜುಗಡ್ಡೆ ಕಟ್ಟಿತ್ತು. ಬೈಗುಳ ಮತ್ತೆ ಅಕ್ಕನ ತಲೆಗೇ ಬಂತು. ಹದಿನಾಲ್ಕು ವರ್ಷದಿಂದ ಅಲ್ಲಿ ಪಾತ್ರೆ ತಿಕ್ಕಿ ತರಕಾರಿ ಹೆಚ್ಚುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಯಜಮಾನಿಯ ತಮ್ಮನೇ ಅಲ್ಲಿನ ಮ್ಯಾನೇಜರ್; ಅವನು ಮಾತ್ರ 'ಏ ಇವಳೇ' ಎನ್ನುತ್ತಿದ್ದ. ಬಾಗಿಲು ತೆರೆದಿಟ್ಟು ಹರಟೆ ಕೊಚ್ಚುತ್ತಾಳೆ, ಇನ್ನೊಂದು ಸಲ ಗಡ್ಡೆ ಕಟ್ಟಿದರೆ ಮನೆಗೆ ನಡೆಯಲಿ ಎಂದು ಅವನ ತೀರ್ಪು. ಕೆತ್ತಿ ತೆಗೆ ಎಂದು ಕೈಗೆ ಚೂರಿ ಕೊಟ್ಟ.

ಅಕ್ಕ ಚೂರಿ ಕೆಳಗಿಟ್ಟಳು. ಹಿಂದೆ ಗ್ಯಾಸಿನ ಕೊಳವೆಯಿದೆ, ತೂತಾದರೆ ಯಂತ್ರವೇ ಸತ್ತಂತೆ ಎಂದಳು. ಕಾಗದದ ಚೂರೊಂದನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಎಳೆದು ತೋರಿಸಿದಳು. ಬಾಗಿಲಂಚಿನ ರಬ್ಬರು ಅದನ್ನು ಕಚ್ಚಿ ಹಿಡಿದಿತ್ತು. ತಪ್ಪು ಬಾಗಿಲಿನದಾದರೆ ಗಡ್ಡೆ ಬಾಗಿಲ ಬಳಿ ಕಟ್ಟಬೇಕು, ಇಲ್ಲಿ ಹಿಂದಿನ ಗೋಡೆಯಷ್ಟೇ ಬೆಳ್ಳಗಾಗಿದೆಯಲ್ಲ ಎಂದಳು.

"ನೀನೇನು ಮೆಕ್ಯಾನಿಕ್ಕಾ?"

"ಅಲ್ಲ ಸ್ವಾಮಿ. ಅದಕ್ಕೇ ಮೆಕ್ಯಾನಿಕ್‌ನ ಕರೀರಿ ಅಂತಿರೋದು."

ಮಾತು ಯಜಮಾನಿಯ ತನಕ ಹೋಯಿತು. ಅಕ್ಕ ಕೇಳಿದ್ದು ಒಂದೇ. ಗಡ್ಡೆ ಪೂರ್ತಿ ಕರಗಿಸಿ ಒರೆಸಿ, ತರಕಾರಿ ತುಂಬಿ ಮುಚ್ಚುತ್ತೇನೆ, ವಾರಾಂತ್ಯದ ರಜೆಗೆ ಮುಂಚೆ ನಿಮ್ಮ ಕೈಯಾರೆ ಬಾಗಿಲ ಸಂದಿಗೆ ಅಡ್ಡಲಾಗಿ ಚೀಟಿ ಅಂಟಿಸಿ ಸಹಿ ಹಾಕಿ.

ರಜೆ ಮುಗಿದ ಬೆಳಿಗ್ಗೆ ಅಡುಗೆಮನೆಯೆಲ್ಲ ಫ್ರಿಜ್ಜಿನ ಮುಂದೆ ನೆರೆದಿತ್ತು. ಚೀಟಿ ಹರಿದಿರಲಿಲ್ಲ. ಯಜಮಾನಿ ತಾನೇ ಕಿತ್ತು ಬಾಗಿಲು ತೆರೆದಳು. ಹಿಂದಿನ ಗೋಡೆಯ ಮೇಲೆ ಬೆರಳು ದಪ್ಪ ಮಂಜು! ಫ್ಯಾನು ಅದಕ್ಕೆ ತಾಗಿ ಕಟಕಟ ಎನ್ನುತ್ತಿತ್ತು.

"ಒಳಗೇ ಕೂತು ಹರಟೆ ಹೊಡೆದಿರ್ಬೇಕು ನಮ್ಮಕ್ಕ," ಎಂದ ಮುದಿ ಅಡುಗೆಭಟ್ಟ.

ಮಧ್ಯಾಹ್ನ ಬಂದ ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿದ. ಕಟ್ಟಿದ ಮಂಜನ್ನು ಆಗಾಗ ಕರಗಿಸುವ ಹೀಟರು ಸುಟ್ಟುಹೋಗಿತ್ತು. ಎಷ್ಟು ಒರೆಸಿದರೂ ಮತ್ತೆ ಕಟ್ಟುವುದೇ, ಬಾಗಿಲಿಗೂ ಇದಕ್ಕೂ ಸಂಬಂಧವಿಲ್ಲ ಎಂದ. ಕೊಳವೆ ಸವರಿ ನೋಡಿ, ಚೂರಿ ಹಾಕದೆ ಯಂತ್ರ ಉಳಿಸಿದ್ದು ಯಾರು ಎಂದು ಕೇಳಿದ. ಎಲ್ಲರೂ ಅಕ್ಕನತ್ತ ತಿರುಗಿದರು. ಮ್ಯಾನೇಜರ್ ಸೂರು ನೋಡಿದ.

ಸರಿ, ಕೆಲಸ ನೋಡಿ ಎಂದಳು ಯಜಮಾನಿ. ಅಕ್ಕ ಕದಲಲಿಲ್ಲ.

"ಬೈದಿದ್ದು ಎಲ್ರ ಮುಂದೆ. ತಪ್ಪಾಯ್ತು ಅನ್ನೋದೂ ಎಲ್ರ ಮುಂದೇನೇ ಆಗ್ಲಿ."

ಅಡುಗೆಭಟ್ಟ ತನ್ನ ಒಲೆ ಆರಿಸಿ ಕೈಕಟ್ಟಿ ನಿಂತ. ಪಕ್ಕದ ಒಲೆಯೂ ಆರಿತು. ಆಮೇಲೆ ನಲ್ಲಿ ನಿಂತಿತು, ಈಳಿಗೆ ನಿಂತಿತು. ಹೊರಗೆ ಊಟಕ್ಕೆ ಕೂತವರು ತಟ್ಟೆ ಬಡಿಯತೊಡಗಿದರು. ಯಜಮಾನಿ ತಮ್ಮನನ್ನು ದುರುಗುಟ್ಟಿ ನೋಡಿದಳು.

"ತಪ್ಪಾಯ್ತು... ಅಕ್ಕಾ."

'ಏ ಇವಳೇ' ಎನ್ನುತ್ತಿದ್ದವನು ಅವಳನ್ನು ಅಕ್ಕ ಎಂದದ್ದು ಅವತ್ತೇ ಮೊದಲು.

"ಒಲೆ ಹಚ್ರಪ್ಪಾ," ಎಂದಳು ಅಕ್ಕ. "ಜನ ಹಸಿದವ್ರೆ."