ಬಾಗಿಲಿಗೆ ಬೆನ್ನು ಹಾಕಿ ಕಾದದ್ದು

ಕಾಯುವುದರಲ್ಲಿ ನನ್ನನ್ನು ಮೀರಿಸುವವರು ಮೂರು ಲೋಕದಲ್ಲೂ ಇಲ್ಲ. ಚಿತ್ರಕಲಾ ಶಾಲೆಯಲ್ಲಿ, ಹುಡುಗರು ನೋಡಿ ಬರೆಯಲೆಂದು ನಾನು ಅಲ್ಲಾಡದೆ ಕೂತರೆ ಬಂಡೆಗಲ್ಲೂ ನಾಚಿ ಎದ್ದು ಹೋಗಬೇಕು. ಒಮ್ಮೆ ನೊಣವೊಂದು ನನ್ನ ಮೂಗಿನ ಮೇಲೆ ಸಂಸಾರ ಹೂಡಿ, ಮೊಮ್ಮಕ್ಕಳನ್ನು ಕಂಡು, ತೃಪ್ತಿಯಿಂದ ಸತ್ತಿತು. ನನ್ನ ರೆಪ್ಪೆ ಅಲುಗಲಿಲ್ಲ.

ಅಕ್ಕನಿಗೆ ಮಾತ್ರ ಇದು ಕೆಲಸವೇ ಅಲ್ಲ. "ಸುಮ್ನೆ ಕೂರೋದಕ್ಕೂ ಸಂಬಳವೇನೋ?" ಎಂದಿದ್ದಳು. "ಭಾವನೂ ಕೂತೇ ಇರ್ತಾರೆ, ಸಂಬಳ ಇಲ್ಲ ಅಷ್ಟೆ" ಎಂದೆ. ಅಲ್ಲಿಗೆ ನಮ್ಮಿಬ್ಬರ ಮಾತುಕತೆಯೇ ನಿಂತುಹೋಯಿತು. ಎರಡು ವರ್ಷವಾದ ಮೇಲೆ ಭಾವನೇ ಬಂದು ಹೇಳಿದರು: "ನಾಳೆ ನಿನ್ನ ಶಾಲೆಗೆ ಬರ್ತಾಳಂತೆ. ಏನು ಕೆಲಸ ಅಂತ ಕಣ್ಣಾರೆ ನೋಡ್ಬೇಕಂತೆ. ಈ ರಾಜಿಯೂ ಕೆಟ್ಟರೆ ನನ್ನ ಕೈಲಾಗಲ್ಲಪ್ಪ."

ಮರುದಿನದ ಪಾಠ ಕಾಯುವ ಮನುಷ್ಯನ ಮುಖ. ಮೇಷ್ಟ್ರು ನನ್ನನ್ನು ಕಿಟಕಿಗೆ ಮುಖ ಮಾಡಿ ಕೂರಿಸಿ, ಪಾದದ ಸುತ್ತ ಸೀಮೆಸುಣ್ಣದ ಗೆರೆ ಎಳೆದರು. ಅವರು ಚಪ್ಪಾಳೆ ತಟ್ಟುವವರೆಗೆ ಅಲ್ಲಾಡುವಂತಿಲ್ಲ, ಉಸಿರೆತ್ತುವಂತಿಲ್ಲ.

"ಕಾಯೋನು ಬಾಗಿಲ ಕಡೆ ನೋಡಲ್ವಾ, ಮೇಷ್ಟ್ರೇ?"

"ಬೆಳಕು ಈ ಕಡೆ ಇದೆ ಮಾರಾಯ. ಯಾರನ್ನಾದ್ರೂ ನೆನೆಸ್ಕೋ, ಸಾಕು."

ಬಾಗಿಲು ಕಿರುಗುಟ್ಟಿತು. ಅಕ್ಕನ ಚಪ್ಪಲಿಯ ಸದ್ದು! ಆ ಸದ್ದಿಗೆ ಹತ್ತು ಬೀದಿಯ ನಾಯಿಗಳು ಬಾಲ ಮುದುರುತ್ತವೆ.

"ಲೋ, ಬಂದಿದೀನಿ ಕಣೋ."

ತಿರುಗಿದರೆ, ಇಷ್ಟು ಕೆಲಸವೂ ಬಾರದವನು ಎನ್ನುತ್ತಾಳೆ. ತಿರುಗದಿದ್ದರೆ, ಇನ್ನೂ ಸೊಕ್ಕು ಇಳಿದಿಲ್ಲ ಎನ್ನುತ್ತಾಳೆ. ಅಷ್ಟರಲ್ಲಿ ಮೇಷ್ಟ್ರು ಕೂಗಿದರು: "ಅಮ್ಮಾ, ಹಾಗೇ ನಿಂತ್ಕೊಳ್ಳಿ! ಆ ಮುಖ ಕೆಡಿಸಬೇಡಿ!"

ಹುಡುಗರ ಸ್ಟೂಲುಗಳೆಲ್ಲ ಗರಗರನೆ ಬಾಗಿಲ ಕಡೆ ತಿರುಗಿದವು. ಲೋಕೋತ್ತರನಾದ ನನ್ನನ್ನು ಬಿಟ್ಟು ಎಲ್ಲರೂ ಅಕ್ಕನನ್ನು ಬರೆಯುತ್ತಿದ್ದರು. ಈಗ ಕಾಯುತ್ತಿರುವವರು ಯಾರು, ನಾನೋ ಅವಳೋ? ಬೆನ್ನ ಹಿಂದೆ ಮೂಗೆಳೆದ ಸದ್ದಾಯಿತು. ಅಳುವೋ, ನೆಗಡಿಯೋ, ತಡೆದ ನಗುವೋ? ಒಂದು ಯುಗ ಕಳೆಯಿತು.

ಚಪ್ಪಾಳೆ ಬಿದ್ದಾಗ ತಿರುಗಿದೆ. ಬಾಗಿಲು ಖಾಲಿ.

ಹುಡುಗರ ಚಿತ್ರದ ಹಲಗೆಗಳತ್ತ ಓಡಿದೆ. ಒಂದರಲ್ಲಿ ಅಕ್ಕ ಕಣ್ಣೊರೆಸುತ್ತಿದ್ದಾಳೆ. ಪಕ್ಕದ್ದರಲ್ಲಿ ಕಣ್ಣಲ್ಲಿ ಕೆಂಡ. ಇನ್ನೊಂದರಲ್ಲಿ ತುಟಿಯಂಚಿಗೆ ನಗು.

"ಇದ್ರಲ್ಲಿ ನಿಜವಾದ್ದು ಯಾವ್ದು?"

"ನನಗೆ ಕಂಡದ್ದು ಇದು" ಎಂದಳು ಕೆಂಡ ಬರೆದ ಹುಡುಗಿ.

"ನಿಂಗೆ ಕಂಡದ್ದು ಬಿಡಮ್ಮ, ನಾನು ಅವಳ ಹಿಂದೆ ಹೋಗಬೇಕೋ ಬೇಡ್ವೋ, ಅದನ್ನ ಹೇಳು!"

ಗಾಳಿಯನ್ನು ಹಿಂದೆ ಹಾಕಿ ಓಡಿದೆ. ಅಕ್ಕ ಬಸ್ಸು ಹತ್ತುತ್ತಿದ್ದಳು, ನಾನೂ ನುಗ್ಗಿದೆ. ಅವಳು ಕೂತು ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಿದ್ದವಳು, ನನ್ನನ್ನು ಕಂಡು ಅದನ್ನೆತ್ತಿ ತೊಡೆಗೇರಿಸಿದಳು. ನನಗೆ ಜಾಗ ಬಿಟ್ಟಳೋ, ಚೀಲಕ್ಕೂ ನನ್ನ ಸೋಂಕು ಬೇಡವೆಂದಳೋ, ತಿಳಿಯಲಿಲ್ಲ. ಕೂತೆ.

"ಟಿಕೆಟ್ ಒಂದಾ, ಎರಡಾ?" ಎಂದ ಕಂಡಕ್ಟರ್.

ಅಕ್ಕನ ಮುಖ ನೋಡಿದೆ. ಮೂರು ಚಿತ್ರಗಳೂ ಅಲ್ಲೇ ಇದ್ದಂತಿತ್ತು.

"ನನ್ ಮುಖ ಏನ್ ನೋಡ್ತೀಯ?" ಎಂದಳು. "ಹೇಳು ಅವ್ರಿಗೆ."