ನಾಲಿಗೆಗೆ ಸಿಗದ ಮಣಿ

ಸೂಜಿಯ ತುದಿಯಲ್ಲಿ ಒಂದು ಹನಿ, ಬೀಳಲೋ ಬೇಡವೋ ಎನ್ನುತ್ತಿದೆ, ಸುತ್ತ ಪಂಪು ಊದುವ ಗಾಳಿ ಅದನ್ನು ಕಿತ್ತು ಕೆಳಗಿನ ಕ್ಯಾಲ್ಸಿಯಂ ನೀರಿಗೆ ಎಸೆಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹನಿ ಹೋಗಿ ಮಣಿ, ಇನ್ನೊಂದು, ಮತ್ತೊಂದು — ಆಲ್ಜಿನೇಟ್ ಎಂದರೆ ಕಡಲ ಪಾಚಿಯ ಅಂಟು, ಅದರ ಹೊಟ್ಟೆಯಲ್ಲಿ ಮಕ್ಕಳ ಮದ್ದು — ಗಂಟೆ ಒಂಬತ್ತೂ ಹತ್ತು, ಆಸ್ಪತ್ರೆಯ ವಾರ್ಡಿನಲ್ಲಿ ಈ ಹೊತ್ತಿಗೆ ಅತ್ತೆ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರಬೇಕು, ಡಾಕ್ಟರ್ ಚಮಚ ಹಿಡಿದಿರಬೇಕು, ಆಸ್ಪತ್ರೆಯವರು ಪರೀಕ್ಷಿಸಿ ಒಪ್ಪಿದ ಇದೇ ಮಣಿಗಳ ಮೊದಲ ಚಮಚ, ನಾನೂ ಅಲ್ಲಿರಬೇಕಿತ್ತು, ಆದರೆ ನಾಳೆ ಕೊಡಬೇಕಾದ ಉಳಿದ ಮಕ್ಕಳ ಮದ್ದು ಈ ಸೂಜಿಯಲ್ಲಿದೆ, ಅರ್ಧಕ್ಕೆ ನಿಲ್ಲಿಸಿದರೆ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ, ನೀನು ಕೆಲ್ಸ ನೋಡ್ಕೋ ಹೋಗೆ, ನಾನೇನು ಸತ್ತಿದೀನಾ, ಎಂದಿದ್ದರು ಅತ್ತೆ ಚಪ್ಪಲಿ ಮೆಟ್ಟುತ್ತಾ.

ಆ ಫಿಟ್ಸಿನ ಮಾತ್ರೆ, ಅಬ್ಬಾ, ಎಂಥ ಕಹಿ, ಪುಡಿ ಮಾಡಿ ಜಾಮಿನಲ್ಲಿ ಬೆರೆಸಿದರೂ ಜೇನಿನಲ್ಲಿ ಕಲಸಿದರೂ ಆರು ವರ್ಷದ ಕಳ್ಳಿಗೆ ಗೊತ್ತಾಗಿಬಿಡುತ್ತಿತ್ತು, ನಾಲಿಗೆ ಹೊರಕ್ಕೆ ಚಾಚುವಳು, ಅದರ ಮೇಲೆ ಬಿಳಿ ಪುಡಿ ಹಾಗೇ, ಬೇಡಮ್ಮಾ ಬೇಡಮ್ಮಾ, ಅರ್ಧ ಮದ್ದು ನನ್ನ ಮೈಮೇಲೆ, ಇನ್ನರ್ಧ ನೆಲಕ್ಕೆ, ಒಳಗೆ ಹೋದದ್ದೆಷ್ಟೋ ಯಾರಿಗೆ ಗೊತ್ತು, ಮೂಗು ಹಿಡಿದು ಸುರಿದಿದ್ದೇನೆ, ಒಮ್ಮೆ ಹೊಡೆದೂಬಿಟ್ಟೆ, ಪಾಪಿ ನಾನು, ಆ ಮಧ್ಯಾಹ್ನವೇ ಶಾಲೆಯ ಮೆಟ್ಟಿಲ ಮೇಲೆ ಫಿಟ್ಸ್ ಬಂದು ಬಿದ್ದಳು, ಹಣೆಗೆ ನಾಲ್ಕು ಹೊಲಿಗೆ, ಹೊಲಿಗೆ ಹಾಕುವಾಗಲೂ ಕೈ ಕಂಡರೆ ನಾಲಿಗೆ ಚಾಚುತ್ತಿದ್ದಳು, ಮದ್ದು ಕೊಡುತ್ತಾರೆಂದುಕೊಂಡು, ನೋಡಿ, ಮದ್ದು ಪೂರ್ತಿ ಹೋಗ್ಲೇಬೇಕು, ಇನ್ನೊಂದ್ಸಲ ಹೀಗಾದ್ರೆ ನಾನೂ ಏನೂ ಹೇಳೋಕಾಗಲ್ಲ, ಎಂದರು ಡಾಕ್ಟರ್. ನಾನು ಕೆಲಸ ಮಾಡುವ ಲ್ಯಾಬಿನ ಮೇಡಂ ಹತ್ತಿರ ಬಾಯಿ ಬಿಟ್ಟು ಕೇಳಿದೆ, ಮೇಡಂ, ಗಿಡದ ಗೊಬ್ಬರದ ಬ್ಯಾಕ್ಟೀರಿಯಾ ತುಂಬ್ತೀವಲ್ಲ ಮಣಿಗೆ, ಮಾತ್ರೆ ತುಂಬಬಾರದಾ — ತುಂಬಬಹುದು, ನಾಲಿಗೆಗೆ ಗೊತ್ತಾಗದಷ್ಟು ಸಣ್ಣ ಮಾಡೋದು ನಿನ್ನ ತಲೆನೋವು — ಅಷ್ಟೇ ಅಂದು ಬೀಗದ ಕೈ ಕೊಟ್ಟರು, ಪುಣ್ಯಾತ್ಗಿತ್ತಿ.

ತಲೆನೋವೇ ಸೈ, ಮೊದಲ ಮಣಿಗಳು ಸಾಸಿವೆ ಗಾತ್ರ, ಗಾಳಿ ಹೆಚ್ಚಿಸಿದರೆ ಸಣ್ಣಗಾಗುತ್ತವೆ, ಇನ್ನೂ ಹೆಚ್ಚಿಸಿದರೆ ಹನಿ ಒಡೆದು ಧೂಳು, ಸೂಜಿ ಕೆಳಗಿದ್ದರೆ ಮಣಿಗೆ ಬಾಲ, ಮೇಲಿದ್ದರೆ ನೀರಿಗೆ ಅಪ್ಪಳಿಸಿ ಚಪ್ಪಟೆ, ಕೊನೆಗೆ ಮೈಕ್ರೋಸ್ಕೋಪಿನ ಕೆಳಗೆ ಮಿಲಿಮೀಟರಿನ ಮೂರರಲ್ಲೊಂದು ಪಾಲು, ಎಲ್ಲವೂ ಗುಂಡಗೆ, ಕುಣಿದುಬಿಟ್ಟೆ, ಮದ್ದಿಲ್ಲದ ಖಾಲಿ ಮಣಿಗಳನ್ನು ಸಿರಪ್ಪಿಗೆ ಹಾಕಿ ಮನೆಗೆ ತಂದರೆ ಅತ್ತೆ ತಾವೇ ನಾಲಿಗೆ ಚಾಚಿದರು, ಥೂ, ಮರಳು ಕಣೆ ಇದು, ನಾಲಿಗೆಗೆ ಸಿಕ್ಕಿದ್ದನ್ನ ಹಲ್ಲು ಬಿಡುತ್ತಾ, ಅಗಿದೇ ಅಗೀತಾಳೆ, ಅಗಿದ್ರೆ ಕಹಿ ಈಚೆಗೆ — ಅಳೆದಿದೀನಿ ಅತ್ತೆ, ಸಣ್ಣಗಿದೆ — ಹಾಗಾದ್ರೆ ನಿನ್ನ ಅಳತೇನೇ ತಿನ್ಸು ಅವಳಿಗೆ. ಹನ್ನೊಂದು ತಿಂಗಳು, ಸಂಜೆಗೊಂದು ಚಮಚ, ಅತ್ತೆ ಒಂದು ದಿನವೂ ಬೇಡವೆನ್ನಲಿಲ್ಲ, ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ, ನಾನೋ, ಸೊಸೆ ಮಾಡಿದ್ದು ಯಾವ ಅತ್ತೆಗೆ ರುಚಿಸೀತು ಎಂದು ಒಳಗೊಳಗೇ ಕುದ್ದೆ, ಇವತ್ತು ನೆನೆದರೆ ನಾಚಿಕೆಯಾಗುತ್ತದೆ, ಆಮೇಲೆ ಒಂದು ಸಂಜೆ ಅತ್ತೆಯೇ ಕೇಳಿದರು, ನೀನು ಅಳೆಯೋದು ಯಾವಾಗ — ಕ್ಯಾಲ್ಸಿಯಂ ನೀರಿಂದ ತೆಗೆದ ಕೂಡ್ಲೇ — ನಾನು ತಿನ್ನೋದು ಈಗ, ಬೆಳಗ್ಗಿಂದ ಸಿರಪ್ಪಲ್ಲಿ ಬಿದ್ಕೊಂಡಿದೆ, ನೆನೆಹಾಕಿದ ಕಾಳು ಹಾಕಿದಷ್ಟೇ ಇರುತ್ತೇನೆ ಹುಚ್ಚಿ? ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎಂಬುದು ಸುಳ್ಳಲ್ಲ, ಮಾರನೆಯ ದಿನ ಸಿರಪ್ಪಿನಿಂದಲೇ ತೆಗೆದು ನೋಡಿದೆ, ಅರ್ಧ ಮಿಲಿಮೀಟರ್ ದಾಟಿ ಊದಿವೆ, ಮೆತ್ತಗಾಗಿವೆ, ಹುಳಿಯ ಹದಕ್ಕೆಂದು ನಾನೇ ಹಾಕಿದ್ದ ಸಿಟ್ರೇಟ್ ಮಣಿಯನ್ನು ಬಿಗಿಹಿಡಿಯುವ ಕ್ಯಾಲ್ಸಿಯಂ ಎಳೆದುಕೊಳ್ಳುತ್ತಿತ್ತು, ಹನ್ನೊಂದು ತಿಂಗಳು ಸೂಜಿಯನ್ನು ಬೈದೆ, ಗಾಳಿಯನ್ನು ಬೈದೆ, ಅತ್ತೆಯನ್ನೂ ಬೈದೆ. ಸಿಟ್ರೇಟ್ ಬಿಟ್ಟು ಹೊಸ ಸಿರಪ್ಪು ಮಾಡಿ ತಂದ ಸಂಜೆ ಅತ್ತೆ ನಾಲಿಗೆಯನ್ನು ಆ ದವಡೆಗೆ ಈ ದವಡೆಗೆ ಹೊರಳಿಸಿದರು, ಹುಬ್ಬು ಗಂಟಿಕ್ಕಿದರು, ಎಲ್ಲೇ ಮಣಿ, ಹಾಕೋದೇ ಮರೆತ್ಯಾ — ಗಟ್ಟಿಯಾಗಿ ಅಪ್ಪಿಕೊಂಡೆ, ಬಿಡೇ, ಬೆವರು, ಎಂದರು, ಈ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಒಂಬತ್ತೂವರೆ, ಇನ್ನೂ ಫೋನಿಲ್ಲ, ನುಂಗಿದಳೋ ಉಗಿದಳೋ, ಅತ್ತೆಯ ನಾಲಿಗೆ ಬೇರೆ, ಮಗುವಿನ ನಾಲಿಗೆ ಬೇರೆ, ನನಗೆ ಗೊತ್ತಿರುವುದು ಒಂದೇ ನಾಲಿಗೆ, ಹೊರಕ್ಕೆ ಚಾಚಿದ್ದು, ಬಿಳಿ ಪುಡಿಯದು, ಹನಿ ಬೀಳುತ್ತಿದೆ, ಬೀಳಲಿ, ಫೋನು ಮೇಜಿನ ಮೇಲೆ ನಡುಗಿತು, ಕೈಗವಸು ಕಿತ್ತೆಸೆದೆ, ಅತ್ತೆ ಕಳಿಸಿದ ಫೋಟೋ, ಅರ್ಧ ಅವರದೇ ಹೆಬ್ಬೆರಳು, ಉಳಿದರ್ಧದಲ್ಲಿ ಮಗಳು, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಅಗಲಿಸಿ, ನಾಲಿಗೆ ಚಾಚಿ — ಮತ್ತೆ ಅದೇ — ಅಲ್ಲ, ಇರು, ದೊಡ್ಡದು ಮಾಡಿ ನೋಡುತ್ತೇನೆ, ಫ್ರಾಕಿನ ಮೇಲೆ ಕಲೆ ಇಲ್ಲ, ಗಲ್ಲದ ಮೇಲಿಲ್ಲ, ಡಾಕ್ಟರ್ ನುಂಗಿದ್ಯಾ, ಎಲ್ಲಿ ತೋರ್ಸು ಅಂದಿರಬೇಕು, ತೋರಿಸುತ್ತಿದ್ದಾಳೆ, ನಾಲಿಗೆ, ಕೆಂಪಗೆ, ಒದ್ದೆ, ಮೇಲೆ ಏನೂ ಇಲ್ಲ, ಏನೂ ಇಲ್ಲ, ನಾಲಿಗೆ —